ಕುಂದಗೋಳದ ವಾಡೆ ಮತ್ತು ಧಾರವಾಡ ಸೀಮೆಯ ಗೃಹಶಿಲ್ಪ

ಒಂದು ನಾಡಿನ ಪೂರ್ವವೃತ್ತಾಂತವನ್ನು ತಿಳಿಯಬಯಸುವವರು ಮೊದಲು ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ಕೋಟೆಕೊತ್ತಲಗಳನ್ನೂ ಹುಡುಕಿಕೊಂಡು ಹೋಗುವುದು ವಾಡಿಕೆ. ಅದು ಸಹಜವೇ ಸರಿ. ಕಲ್ಲು ಬಹುಕಾಲ ಬಾಳುತ್ತದೆ. ಅದರ ಮೇಲೆ ಅರಸನ ಹೆಸರೂ ಶಕವರ್ಷವೂ ಕೊರೆದಿರುತ್ತವೆ. ಮಣ್ಣುಕಟ್ಟಿಗೆಗಳಿಂದ ಎದ್ದ ಮನೆಗೆ ಈ ಭಾಗ್ಯವಿಲ್ಲ. ಅದರ ಗೋಡೆಯನ್ನೇರಿಸಿದ ಗೌಂಡಿಯಾಗಲಿ, ತೊಲೆಯನ್ನು ಹೊಂದಿಸಿದ ಬಡಿಗನಾಗಲಿ ತನ್ನ ಹೆಸರನ್ನು ಸಾಮಾನ್ಯವಾಗಿ ಎಲ್ಲಿಯೂ ಬರೆದಿಡಲಿಲ್ಲ. ಆದರೂ ಜನರು ಹುಟ್ಟಿ ಬೆಳೆದುದು, ಕಾಳು ಕೂಡಿಟ್ಟುದು, ವ್ಯಾಜ್ಯ ಬಗೆಹರಿಸಿಕೊಂಡುದು, ಹಾಡು ಕಲಿತುದು ಎಲ್ಲವೂ ಮನೆಯಲ್ಲಿಯೇ ಹೊರತು ಗುಡಿಯ ನವರಂಗದಲ್ಲಲ್ಲ. ಶ್ರೋತೃಗಳ ಮುಂದೆ ಈ ಹೊತ್ತು ಇಡಬೇಕೆಂದಿರುವುದು ಅಂತಹ ಒಂದು ಮನೆಯ ಸಂಗತಿ. ಅದರ ಆಶ್ರಯದಲ್ಲಿ ಧಾರವಾಡದ ಬಯಲುಸೀಮೆಯ ಮನೆಕಟ್ಟುವ ವಿದ್ಯೆಯ ಸಂಗತಿ.

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಸುಮಾರು ೨೦ ಕಿಲೋಮೀಟರಿನಷ್ಟು ದೂರದಲ್ಲಿ, ಬೆಂಗಳೂರಿಗೆ ಹೋಗುವ ರೈಲುದಾರಿಯ ಮೇಲೆ ಕುಂದಗೋಳವಿದೆ. ಊರಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವುಂಟು. ಸುತ್ತಲೂ ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಎರೆಯ ಹೊಲ. ನೆರೆಯ ಹುಬ್ಬಳ್ಳಿ, ನವಲಗುಂದ, ಕಲಘಟಗಿಗಳು ಮುಂಬಯಿ ಇಲಾಖೆಯ ನೇರ ಆಳ್ವಿಕೆಯಲ್ಲಿದ್ದಾಗ ಕುಂದಗೋಳ ಮಾತ್ರ ಬಹುದೂರದ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ ಬಿಡಿ ತಾಲೂಕಾಗಿತ್ತು. ೧೯೪೮ರಲ್ಲಿ ಜಮಖಂಡಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಈ ಊರು ಧಾರವಾಡ ಜಿಲ್ಲೆಯ ಮೈಯಲ್ಲಿ ಕೂಡಿಕೊಂಡಿತು. ೧೯೫೬ರ ನವೆಂಬರ್ ೧ರಂದು ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ಇಂತಹ ದೂರದ ತಾಲೂಕುಗಳಲ್ಲಿ ಅರಸನು ಯಾವಾಗಲೋ ಒಮ್ಮೆ ಬರುವವನು. ನಿತ್ಯದ ಅಧಿಕಾರವೆಲ್ಲ ಸ್ಥಳದ ವತನದಾರರ ಪಡಸಾಲೆಯಲ್ಲಿ ನಡೆಯತಕ್ಕುದು. ನಾಡಗೌಡ, ದೇಸಾಯಿ, ದೇಶಪಾಂಡೆ, ನಾಡಗೀರ ಮೊದಲಾದ ಹೆಸರುಗಳು ಇಂದು ಮನೆತನದ ಅಡ್ಡಹೆಸರುಗಳಾಗಿ ಉಳಿದಿವೆ. ಒಂದು ಕಾಲಕ್ಕೆ ಅವು ನಾಡಿನ ಲೆಕ್ಕವನ್ನೂ ವಸೂಲಿಯನ್ನೂ ನೋಡಿಕೊಳ್ಳುವ ವಂಶಪಾರಂಪರ್ಯದ ಹುದ್ದೆಗಳಾಗಿದ್ದವು. ಕುಂದಗೋಳದ ನಾಡಗೀರರ ವಾಡೆ ಅಂತಹ ಹುದ್ದೆಯ ಮನೆ.

ಈ ವಾಡೆಯ ಹೆಸರು ಕನ್ನಡನಾಡಿನ ಹೊರಗೂ ಪ್ರಸಿದ್ಧವಾದುದು ಸಂಗೀತದಿಂದ. ರಂಗನಗೌಡ ನಾಡಗೀರರು ಗಾಯನಪ್ರಿಯರು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (೧೮೭೨–೧೯೩೭) ಮೈಸೂರು ದರಬಾರಿಗೆ ಹೋಗಿಬರುವ ದಾರಿಯಲ್ಲಿ ಇಲ್ಲಿ ಇಳಿದುಕೊಳ್ಳುತ್ತಿದ್ದರು. ವಾಡೆಯಲ್ಲಿ ಕಾರಕೂನರಾಗಿದ್ದ ಗಣೇಶ ಸೌಂಶಿಯವರ ಮಗ ರಾಮಚಂದ್ರ, ೧೮೮೬ರಲ್ಲಿ ಇದೇ ಊರಿನಲ್ಲಿ ಹುಟ್ಟಿದವನು, ಉಸ್ತಾದರ ಗಾಯನವನ್ನು ಕೇಳಿ ಅದನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಾಗ ಅವರ ಕಿವಿಗೆ ಬಿದ್ದನೆಂದು ಹೇಳುವುದುಂಟು. ಆ ಹುಡುಗನೇ ಮುಂದೆ ಸವಾಯಿ ಗಂಧರ್ವರು. ಮರಾಠಿ ರಂಗಭೂಮಿಯಲ್ಲಿ ಕೀರ್ತಿ ಪಡೆದ ಬಳಿಕ ಅವರು ಕುಂದಗೋಳದಲ್ಲಿ ಶಿಷ್ಯರಿಗೆ ಪಾಠ ಹೇಳಿದರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತುಹೋಗುತ್ತಿದ್ದರು. ಗದಗಿನ ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ನೀರು ಹೊತ್ತು ಅಭ್ಯಾಸ ಮಾಡಿದರು. ೧೯೫೨ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ನಂತರ ಅವರ ಸ್ಮರಣೆಗಾಗಿ ಈ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತ ಬಂದಿದೆ. ಇಷ್ಟು ಸಂಗತಿ ಸಂಗೀತದ ಚರಿತ್ರೆಯಲ್ಲಿ ಎಲ್ಲರೂ ಬಲ್ಲುದು. ಆದರೆ ಹಾಡಿದವರ ಹೆಸರನ್ನು ಸ್ಮರಿಸುವ ನಾವು ಹಾಡನ್ನು ಹಿಡಿದಿಟ್ಟುಕೊಂಡ ಮನೆಯನ್ನು ಕಣ್ಣೆತ್ತಿ ನೋಡುವುದು ಕಡಮೆ.

ಅದನ್ನು ನೋಡಲು ಒಂದು ಪರದೇಶದ ಮಾತು ಸಹಾಯಕ್ಕೆ ಬರುತ್ತದೆ. ಇಂಗ್ಲೆಂಡಿನಲ್ಲಿ ಯಂತ್ರಗಳ ಕಾಲ ಮೊದಲಾಗಿ, ಮನೆಯ ಕುರ್ಚಿಯಿಂದ ಹಿಡಿದು ಗೋಡೆಯ ಕಾಗದದವರೆಗೆ ಎಲ್ಲವೂ ಕಾರಖಾನೆಯಿಂದ ಒಂದೇ ಅಚ್ಚಿನಲ್ಲಿ ಬರತೊಡಗಿದಾಗ ಜಾನ್ ರಸ್ಕಿನ್ ಮತ್ತು ವಿಲಿಯಂ ಮಾರಿಸ್ ಎಂಬ ಮಹನೀಯರು ಅದಕ್ಕೆ ತೀವ್ರವಾಗಿ ಅಸಮ್ಮತಿ ತೋರಿಸಿದರು. ಮಾರಿಸನಿಗಾಗಿ ಅವನ ಮಿತ್ರನಾದ ಫಿಲಿಪ್ ವೆಬ್ಬನು ೧೮೫೯–೬೦ರಲ್ಲಿ ಲಂಡನ್ನಿನ ಸಮೀಪ ಬೆಕ್ಸ್‌ಲಿಹೀತಿನಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮನೆ, ‘ರೆಡ್ ಹೌಸ್’, ಈ ಪಂಥದ ಮೊದಲ ಮನೆಯೆಂದು ಪ್ರಸಿದ್ಧವಾಗಿದೆ. ಇಟ್ಟಿಗೆಗೆ ಗಾರೆಯ ಮುಸುಕಿಲ್ಲ, ತೊಲೆಯನ್ನು ಮರೆಮಾಚಿಲ್ಲ, ಮೇಜು, ಬೀರು, ಪರದೆ, ಬಣ್ಣಗಾಜು ಎಲ್ಲವೂ ಗೆಳೆಯರು ಕೈಯಾರೆ ಮಾಡಿದುದು. ೧೮೮೭ರಲ್ಲಿ ಈ ಚಳುವಳಿಗೆ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಎಂಬ ಹೆಸರು ಬಂತು. ನಾವು ಅದನ್ನು ಕಲೆ-ಕೈಗೆಲಸಗಳ ಪಂಥವೆನ್ನಬಹುದು. ಅಮೆರಿಕದ ಪಸಡೀನಾದಲ್ಲಿ ೧೯೦೮ರಲ್ಲಿ ಗ್ರೀನ್ ಸೋದರರು ಯೋಜಿಸಿದ ಗ್ಯಾಂಬಲ್ ಹೌಸಿನಲ್ಲಿ ಕಟ್ಟಿಗೆಯ ಕೂಡುಗಳನ್ನು ಮುಚ್ಚದೆ, ಅವುಗಳನ್ನೇ ಅಲಂಕಾರವಾಗಿ ತೋರಿಸಿದರು.

ಈ ಪಂಥಕ್ಕೂ ನಮ್ಮ ದೇಶಕ್ಕೂ ಇರುವ ಸಂಬಂಧವು ನೇರವಾದುದು. ಮಾರಿಸನ ಅನುಯಾಯಿಯಾದ ಸಿ. ಆರ್. ಆಶ್‌ಬಿ ಎಂಬವನು ಕಾಟ್ಸ್‌ವೋಲ್ಡ್ ಪ್ರದೇಶದ ಹಳೆಯ ಪ್ರಾರ್ಥನಾಮಂದಿರವೊಂದನ್ನು ಮನೆಯಾಗಿ ಮಾಡಿಕೊಟ್ಟುದು ಬೇರೆ ಯಾರಿಗೂ ಅಲ್ಲ, ಆನಂದ ಕುಮಾರಸ್ವಾಮಿಯವರಿಗೆ. ಸಿಂಹಳದ ಮಧ್ಯಯುಗದ ಕಲೆಯನ್ನು ಕುರಿತ ಅವರ ದೊಡ್ಡ ಗ್ರಂಥ ೧೯೦೮ರಲ್ಲಿ ಹೊರಬಂತು. ೧೯೦೯ರಲ್ಲಿ ಭಾರತದ ಕುಶಲಕರ್ಮಿಯನ್ನು ಕುರಿತು ಅವರು ಬರೆದ ಪುಸ್ತಕಕ್ಕೆ ಆಶ್‌ಬಿಯೇ ಮುನ್ನುಡಿ ಬರೆದನು. ಇಂಗ್ಲೆಂಡಿನ ಆ ವಿಚಾರವಂತರು ತಮ್ಮ ದೇಶದಲ್ಲಿ ಅಳಿದುಹೋದುದೆಂದು ಮರುಗಿದ ಕೈಗೆಲಸದ ಬಾಳು ಹಿಂದೂಸ್ಥಾನದ ಹಳ್ಳಿಗಳಲ್ಲಿ ಇನ್ನೂ ಉಸಿರಾಡುತ್ತಿದೆಯೆಂದು ಇವರಿಂದ ತಿಳಿದುಕೊಂಡರು. ಹೀಗಿರುವಾಗ ಕಲೆ-ಕೈಗೆಲಸಗಳ ಮನೆಯನ್ನು ಹುಡುಕಿಕೊಂಡು ಬೆಕ್ಸ್‌ಲಿಹೀತಿನವರೆಗೆ ಹೋಗಬೇಕಾದ ಅಗತ್ಯ ಧಾರವಾಡದವರಿಗಿಲ್ಲ. ಮಾರಿಸನು ಮಿತ್ರರನ್ನು ಕಲೆಹಾಕಿ ಪ್ರಯತ್ನಪೂರ್ವಕವಾಗಿ ಮಾಡಿದುದನ್ನು ನಮ್ಮ ಬಡಿಗ, ಕಂಬಾರ, ಒಡ್ಡ, ಉಪ್ಪಾರ, ಚಿತ್ರಗಾರ, ನೇಕಾರರು ಯಾವ ಪಂಥದ ಹೆಸರನ್ನೂ ಕೇಳದೆ ತಲೆತಲಾಂತರದಿಂದ ಮಾಡಿದರು.

ಮನೆಯ ಅಳತೆಯಿಂದ ತೊಡಗೋಣ. ನಮ್ಮ ಸೀಮೆಯ ಹಿರಿಯರು ಮನೆಯನ್ನು ಅಡಿಗಳಲ್ಲಿ ಹೇಳುತ್ತಿರಲಿಲ್ಲ. ಇಷ್ಟು ಅಂಕಣದ ಮನೆ ಎನ್ನುತ್ತಿದ್ದರು. ಕಂಬದಿಂದ ಕಂಬಕ್ಕೆ ಇರುವ ಎಡೆಯೇ ಅಂಕಣ. ಒಂದು ತೊಲೆ ಬಾಗದೆ, ಬಿರಿಯದೆ ಎಷ್ಟು ದೂರ ನಿಲ್ಲಬಲ್ಲುದೋ ಅಷ್ಟೇ ಅಂಕಣದ ಉದ್ದ. ಆದುದರಿಂದ ಮನೆಯ ಅಳತೆಯನ್ನು ಗೊತ್ತುಪಡಿಸಿದುದು ಮನೆಯ ಯಜಮಾನನ ಬಯಕೆಗಿಂತ ಹೆಚ್ಚಾಗಿ ಕಾಡಿನ ಮರ. ಒಳ್ಳೆಯ ಸಾಗವಾನಿ ದೊರೆತವನ ಅಂಕಣ ಅಗಲ. ಬೇವು, ಜಾಲಿಗಳಲ್ಲಿ ಕೆಲಸ ಸಾಗಿಸಿದವನ ಅಂಕಣ ಕಿರಿದು. ಬಡವನಿಗೂ ಶ್ರೀಮಂತನಿಗೂ ಮನೆಯ ವ್ಯಾಕರಣವು ಒಂದೇ. ಅಂಕಣಗಳ ಸಂಖ್ಯೆ ಮಾತ್ರ ಬೇರೆ. ವಾಡೆಯೆಂದರೆ ಇದೇ ವ್ಯಾಕರಣದಲ್ಲಿ ರಚಿಸಿದ ಮಹಾಕಾವ್ಯವೆಂದು ತಿಳಿಯಬೇಕು. ದೊಡ್ಡ ಬಾಗಿಲು, ಅದರ ಇಕ್ಕೆಲದಲ್ಲಿ ಕಟ್ಟೆ, ಒಳಗೆ ಅಂಗಳ, ಅಂಗಳದ ಸುತ್ತ ಕಂಬಸಾಲಿನ ಪಡಸಾಲೆ, ಅದರಾಚೆ ನಡುಮನೆ, ದೇವರ ಜಗುಲಿ, ಅಡಿಗೆಯ ಮನೆ, ಹಿಂದೆ ಹಿತ್ತಿಲು: ಹೊರಗಿನವನಿಗೆ ಎಲ್ಲಿಯವರೆಗೆ ಪ್ರವೇಶವೆಂಬುದನ್ನು ಈ ಒಂದೊಂದು ಹೊಸ್ತಿಲೂ ಹೇಳುತ್ತಿತ್ತು.

ಕಂಬದ ನೆತ್ತಿಗೆ ಬೋದಿಗೆ. ತೊಲೆಯ ಭಾರವನ್ನು ಎರಡು ಕಡೆಗೂ ಚಾಚಿ ಹಿಡಿಯುವ ಈ ಚಾಚುಗೈಯಿಂದ ಕಂಬಕಂಬಗಳ ನಡುವಣ ಎಡೆ ಅಷ್ಟರಮಟ್ಟಿಗೆ ಕುಗ್ಗಿ, ತೊಲೆಯ ಮೇಲಣ ಒತ್ತಡ ಕಡಮೆಯಾಗುತ್ತದೆ. ಇದು ಕೇವಲ ಉಪಯೋಗದ ವಸ್ತು. ಆದರೆ ಬಡಿಗನು ಮಾಟಕ್ಕೆ ಮನಸ್ಸಿಟ್ಟುದು ವಿಶೇಷವಾಗಿ ಇಲ್ಲಿಯೇ. ತುದಿಯನ್ನು ಬಾಗಿಸಿ ತಾವರೆಯ ಮೊಗ್ಗು ಇಳಿಬಿಟ್ಟನು, ಗಿಳಿ ಕೂಡಿಸಿದನು, ಬಳ್ಳಿ ಹಬ್ಬಿಸಿದನು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು, ಸುಮಾರು ೧೦೫೦ರ ಹೊತ್ತಿನ ಆ ಚಾಲುಕ್ಯ ಕಟ್ಟೋಣವನ್ನು ನೋಡಿಬಂದವರು ಅಲ್ಲಿಯ ಕಲ್ಲುಕಂಬಗಳ ನೆತ್ತಿಯಲ್ಲಿಯೂ ಇದೇ ಬೋದಿಗೆಯನ್ನು ಕಂಡಿರಬಹುದು. ಕಲ್ಲಿಗೆ ಈ ರೂಪವು ಬಂದುದು ಕಟ್ಟಿಗೆಯ ಮನೆಯಿಂದಲೇ ಎಂಬುದು ಶಿಲ್ಪಶಾಸ್ತ್ರವನ್ನು ಬಲ್ಲವರ ಅಭಿಪ್ರಾಯ. ನಮ್ಮ ದೇವರು ಮನುಷ್ಯನ ಮನೆಯನ್ನು ನೋಡಿ ತನ್ನ ಮನೆ ಕಟ್ಟಿಸಿಕೊಂಡನು ಎಂದರೆ ಅಪಚಾರವಾಗಲಾರದು! ಮೂಲವಾದ ಕಟ್ಟಿಗೆಯ ಮನೆಗಳು ಅಳಿದುಹೋದವು, ಅವುಗಳ ಕಲ್ಲಿನ ಪಡಿಯಚ್ಚು ಉಳಿಯಿತು; ಮತ್ತೆ ಎಂಟು ಒಂಬತ್ತು ನೂರು ವರ್ಷಗಳ ಮೇಲೆ ಹುಟ್ಟಿದ ಬಡಿಗನ ಕೈಯಲ್ಲಿಯೂ ಆ ಕಟ್ಟಿಗೆಯ ರೂಪವೇ ಜೀವಂತವಾಗಿತ್ತು.

ಭಾರವನ್ನು ಹೊರುವುದು ಕಂಬ. ಬಿಸಿಲನ್ನು ತಡೆಯುವುದು ಗೋಡೆ. ಈ ಗೋಡೆಗಳು ಎರಡು ಮೂರು ಅಡಿ ದಪ್ಪವಿದ್ದು, ಕೆಳಗೆ ಕಲ್ಲು, ಮೇಲೆ ಮಣ್ಣು ಅಥವಾ ಹಸಿ ಇಟ್ಟಿಗೆಯಿಂದ ಏಳುತ್ತವೆ. ಎರೆಯ ನೆಲದಲ್ಲಿ ಮನೆ ಕಟ್ಟುವುದು ಸುಲಭದ ಕೆಲಸವಲ್ಲ. ಮಳೆಗೆ ಆ ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ಮೊಳದುದ್ದದ ಬಿರುಕು ಬಿಡುತ್ತದೆ. ಅದರ ಮೇಲೆ ಇಟ್ಟ ಬಿಗಿಯಾದ ಗೋಡೆ ಸೀಳುವುದು ನಿಶ್ಚಯ. ಆದುದರಿಂದ ಹಳಬರು ಕರಿಮಣ್ಣನ್ನು ಅಗೆದು ತೆಗೆದು ಗಟ್ಟಿ ಗರಸು ಸಿಕ್ಕುವವರೆಗೆ ಪಾಯವನ್ನು ಇಳಿಸುತ್ತಿದ್ದರು, ಅಥವಾ ಊರನ್ನೇ ದಿಣ್ಣೆಯ ಮೇಲೆ ಕಟ್ಟುತ್ತಿದ್ದರು. ಮನೆಯ ಕಂಬತೊಲೆಗಳ ಕಟ್ಟು ಗೋಡೆಯನ್ನು ಪೂರ್ತಿಯಾಗಿ ನೆಚ್ಚಿಕೊಂಡಿಲ್ಲವಾದುದರಿಂದ ಗೋಡೆ ಅಲ್ಪಸ್ವಲ್ಪ ಅಲುಗಿದರೂ ಮಾಳಿಗೆ ಕೂಡಲೇ ಕುಸಿಯುವುದಿಲ್ಲ. ಕೂಡುಗಳು ಕೊಂಚ ಜರುಗಿ ಹೊಂದಿಕೊಳ್ಳುತ್ತವೆ. ಬಿಗಿಯಾದ ಸಿಮೆಂಟಿನ ಗೋಡೆಗೆ ಈ ಸೌಲಭ್ಯವಿಲ್ಲ. ಇಂದು ನವಲಗುಂದದ ಕಡೆಗೆ ಹೋದರೆ ಎಷ್ಟೋ ಹೊಸ ಮನೆಗಳ ಗೋಡೆಯ ಮೇಲೆ ಓರೆಯಾಗಿ ಓಡಿದ ಬಿರುಕುಗಳು ಕಾಣುತ್ತವೆ. ಪಾಯದ ಕೆಳಗಿನ ಎರೆಯು ತನ್ನ ಕೆಲಸವನ್ನು ಮಾಡುತ್ತಿರುತ್ತದೆ.

ಮಾಳಿಗೆಯ ಸಂಗತಿ ಇನ್ನೂ ಸ್ವಾರಸ್ಯವಾದುದು. ಪಶ್ಚಿಮಕ್ಕೆ, ಮಲೆನಾಡಿನ ಸೆರಗಾದ ಕಲಘಟಗಿಯ ಕಡೆ, ಮಳೆ ಹೆಚ್ಚು. ಅಲ್ಲಿ ಇಳಿಜಾರಾದ ಹಂಚಿನ ಅಥವಾ ಹುಲ್ಲಿನ ಮಾಡು. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಗಳ ಕಡೆಗೆ ನಡೆದಷ್ಟೂ ಮಳೆ ಕಡಮೆಯಾಗಿ ಮಾಡು ಚಪ್ಪಟೆಯಾಗುತ್ತ ಬಂದು ಕೊನೆಗೆ ಮೇಲ್ಮುದ್ದೆಯಾಗುತ್ತದೆ. ತೊಲೆಯ ಮೇಲೆ ಒತ್ತಾಗಿ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಸಣ್ಣ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲಕ್ಕೂ ಮೇಲೆ ಮೊಳದಷ್ಟು ದಪ್ಪನಾಗಿ ಬಡಿದ ಮಣ್ಣು. ಕೊನೆಯ ಹೊದಿಕೆಗೆ ಹಾಳೂರ ದಿಣ್ಣೆಯಿಂದ ತಂದ ಬಿಳಿಯ ಹಾಳುಮಣ್ಣೇ ಆಗಬೇಕು. ಬಿದ್ದ ನೀರು ನಿಲ್ಲದಂತೆ ಸ್ವಲ್ಪ ವಾಟವಿಟ್ಟು, ದೋಣಿಯ ಮೂಲಕ ಬೀದಿಗೆ ಹರಿಯಿಸುತ್ತಿದ್ದರು. ಬೇಸಗೆಯ ಇರುಳಿನಲ್ಲಿ ಮನೆಮಂದಿಯೆಲ್ಲ ಮಲಗುವುದು ಅದರ ಮೇಲೆಯೇ. ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗುವುದೂ ಅಲ್ಲಿಯೇ. ಗೋಡೆಯಲ್ಲಿ ಕಿಟಕಿ ಕಡಮೆ. ಕಳ್ಳರ ಅಂಜಿಕೆಗೂ ಬಿಸಿಗಾಳಿಯ ಅಂಜಿಕೆಗೂ ಅದನ್ನು ಚಿಕ್ಕದಾಗಿರಿಸಿ, ಮಾಳಿಗೆಯಲ್ಲಿ ಬೆಳಕಿಂಡಿಯನ್ನು ತೆರೆದರು. ಒಲೆಯ ಹೊಗೆ ಹೋಗುವುದೂ ಅದರಿಂದ, ಸೂರ್ಯನ ಕೋಲುಬೆಳಕು ಇಳಿಯುವುದೂ ಅದರಿಂದ. ಆ ಬೆಳಕು ನೆಲದ ಮೇಲೆ ಎಲ್ಲಿ ಬಿದ್ದಿದೆಯೆಂಬುದನ್ನು ನೋಡಿ ಹೆಣ್ಣುಮಕ್ಕಳು ಹೊತ್ತು ತಿಳಿಯುತ್ತಿದ್ದರು. ಮಳೆ ಬಂದಾಗ ಮೇಲೇರಿ ಅದನ್ನು ಮುಚ್ಚಬೇಕಾದ ತಾಪತ್ರಯವೂ ಇತ್ತೆಂಬುದನ್ನು ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ.

ಮೇಲ್ಮುದ್ದೆಗೆ ಒಂದು ನಿಯಮವುಂಟು. ಪ್ರತಿವರ್ಷ ಮುಂಗಾರಿಗೆ ಮೊದಲು ಅದರ ಮೇಲೆ ಬೆಳೆದ ಹುಲ್ಲನ್ನು ಕಿತ್ತು, ಹೊಸ ಮಣ್ಣು ಹೊದಿಸಿ, ಬಡಿದು ಗಟ್ಟಿಮಾಡಬೇಕು. ಒಂದು ವರ್ಷ ಬಿಟ್ಟರೆ ಸೋರುತ್ತದೆ. ಎರಡು ಮೂರು ವರ್ಷ ಬಿಟ್ಟರೆ ಜಂತಿಗೆ ನೀರಿಳಿದು ಗೆದ್ದಲು ಹಿಡಿಯುತ್ತದೆ. ಹತ್ತು ವರ್ಷದಲ್ಲಿ ಮನೆಯೇ ಇಲ್ಲ. ಮಾರಿಸನು ೧೮೭೭ರಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದಾಗ, ಪಾಳುಬಿದ್ದ ಮೇಲೆ ದುಡ್ಡು ಸುರಿದು ಹೊಸದಾಗಿ ಮಾಡುವುದಕ್ಕಿಂತ ದಿನದಿನದ ಆರೈಕೆಯಿಂದ ಕೇಡನ್ನು ದೂರವಿಡುವುದೇ ಮೇಲೆಂಬ ವಾದವನ್ನು ಮುಂದಿಟ್ಟನು. ನಮ್ಮ ಹಳ್ಳಿಯ ಒಕ್ಕಲಿಗನಿಗೆ ಅದು ವಾದವಲ್ಲ, ಪ್ರತಿ ಬೇಸಗೆಯ ದುಡಿಮೆ. ವಾಡೆಯಂತಹ ದೊಡ್ಡ ಮನೆಗೆ ಈ ದುಡಿಮೆ ಎಷ್ಟು ಬೇಕಾದೀತೆಂಬುದನ್ನು ಊಹಿಸಿಕೊಳ್ಳಬಹುದು. ಹತ್ತಾರು ಬಂಡಿಗಳ ಮಣ್ಣು, ಅದನ್ನು ಹೊರುವ, ಬಡಿಯುವ ಜನ, ಅವರಿಗೆ ಕೂಲಿಯಾಗಿ ಕೊಡತಕ್ಕ ಕಾಳು. ಈ ಲೆಕ್ಕವನ್ನು ನೆನಪಿಡಬೇಕೆಂದು ಶ್ರೋತೃಗಳಲ್ಲಿ ಬಿನ್ನಹ. ಮುಂದೆ ಇದರ ಪ್ರಸ್ತಾಪ ಬರಲಿದೆ.

ಕಾಳೆಂದರೆ ಹಗೇವಿನ ಮಾತು ಬಾರದಿರದು. ನೆಲವನ್ನು ಬಾವಿಯಂತೆ ತೋಡಿ, ಸುತ್ತಲೂ ಜೋಳದ ಹುಲ್ಲನ್ನು ಹಾಸಿ, ಜೋಳವನ್ನು ಸುರಿದು ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಎಷ್ಟೋ ವರ್ಷ ಅದು ಕೆಡದೆ ಇರುತ್ತಿತ್ತು. ಗಾಳಿಯಾಡದ ಆ ಗುಂಡಿಯಲ್ಲಿ ಹುಳುವಿಗೂ ಬದುಕಿಲ್ಲ, ಮನುಷ್ಯನಿಗೂ ಬದುಕಿಲ್ಲ. ಆದುದರಿಂದ ಹಗೇವನ್ನು ತೆರೆದ ಕೂಡಲೆ ಯಾರೂ ಇಳಿಯಬಾರದು. ಉರಿಯುವ ದೀಪವನ್ನು ಮೊದಲು ಇಳಿಬಿಟ್ಟು, ಅದು ಆರಿದರೆ ಒಳಗೆ ಕೆಟ್ಟ ಗಾಳಿಯಿದೆಯೆಂದು ತಿಳಿಯಬೇಕು. ಬರಗಾಲದಲ್ಲಿ ಹಗೇವುಳ್ಳವನೇ ಊರಿನ ಒಡೆಯ. ೧೮೭೬–೭೮ರ ಮಹಾಕ್ಷಾಮದಲ್ಲಿ ಈ ಸೀಮೆ ನರಳಿದುದು ಇತಿಹಾಸದಲ್ಲಿ ದಾಖಲಾಗಿದೆ. ಅಂತಹ ಕಾಲದಲ್ಲಿ ದೊಡ್ಡ ಮನೆಯ ಬಾಗಿಲು ತೆರೆದುದಕ್ಕೂ ಮುಚ್ಚಿದುದಕ್ಕೂ ಪ್ರಾಣಗಳ ಲೆಕ್ಕವಿತ್ತು.

ಮನೆಯ ಒಳಗಣ ಸಾಮಗ್ರಿಯೂ ಇದೇ ಸೀಮೆಯದು. ನವಲಗುಂದದ ಜಮಖಾನೆಯನ್ನು ಅರಿಯದವರು ವಿರಳ. ನಿಲುವು ಮಗ್ಗದ ಮೇಲೆ ಹತ್ತಿಯ ನೂಲಿನಿಂದ ಇದನ್ನು ನೇಯುವವರು ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು. ಅವರ ಹಿರಿಯರು ವಿಜಾಪುರದ ಕಡೆಯಿಂದ ಬಂದವರೆಂದು ಪ್ರತೀತಿ. ಪಗಡೆಯ ಹಾಸು, ನವಿಲು, ಹೂವು ಮೊದಲಾದುವು ಇದರ ಚಿತ್ತಾರ. ವಿದ್ಯೆಯು ಬೇರೆ ಮನೆಗೆ ಹೋಗದಿರಲೆಂದು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರೆಂದು ಹೇಳುತ್ತಾರೆ. ಇನ್ನು ಕಲಘಟಗಿಯ ತೊಟ್ಟಿಲು. ಸಾಗವಾನಿಯಲ್ಲಿ ಮಾಡಿ, ಅರಗಿನ ಬಣ್ಣವನ್ನು ಕೂಡಿಸಿ, ನಾಲ್ಕು ಬದಿಗೂ ಕೃಷ್ಣನ ಬಾಲಲೀಲೆ, ರಾಮಾಯಣ, ಶಿವಪುರಾಣದ ಪ್ರಸಂಗಗಳನ್ನು ಚಿತ್ರಗಾರರು ಬರೆಯುತ್ತಾರೆ. ಒಂದು ಮನೆತನದ ಮೂರು ನಾಲ್ಕು ತಲೆಮಾರು ಒಂದೇ ತೊಟ್ಟಿಲಲ್ಲಿ ತೂಗಿಸಿಕೊಂಡುದುಂಟು. ಇದಕ್ಕೆ ಕಸೂತಿಯನ್ನು ಸೇರಿಸಿರಿ. ಗೋಪುರ, ತುಳಸಿಕಟ್ಟೆ, ತೊಟ್ಟಿಲು, ಆನೆ, ನವಿಲುಗಳನ್ನು ಇಳಕಲ್ಲ ಸೀರೆಯ ಮೇಲೆ ಎಳೆಯೆಣಿಸಿ ತೆಗೆಯುವ ಈ ಕೆಲಸದಲ್ಲಿ ಹಿಂದುಮುಂದು ಎರಡೂ ಮಗ್ಗುಲು ಒಂದೇ ಸಮನಾಗಿ ಕಾಣುವ ಹೊಲಿಗೆಯುಂಟು. ನೆಲದ ಹಾಸು, ಕೂಸಿನ ಮಂಚ, ಮೈಮೇಲಣ ಸೀರೆ, ತಲೆಯ ಮೇಲಣ ತೊಲೆ, ಇವೆಲ್ಲ ಒಂದು ದಿನದ ಬಂಡಿಯ ದಾರಿಯೊಳಗಣ ಕೈಗಳಿಂದ ಆದುವು. ರೆಡ್ ಹೌಸಿನಲ್ಲಿ ಮಾರಿಸನು ಬಯಸಿದುದೂ ಇದೇ. ಅವನಿಗೆ ಅದು ಐದು ವರ್ಷಕ್ಕಿಂತ ಹೆಚ್ಚು ದಕ್ಕಲಿಲ್ಲ. ೧೮೬೫ರಲ್ಲಿ ಆ ಮನೆಯನ್ನು ಬಿಟ್ಟು ಲಂಡನ್ನಿಗೆ ಹೋದನು.

ಆದರೆ ಹಳೆಯದೆಲ್ಲ ಚಿನ್ನವೆಂದು ಹೊಗಳಿ ಮುಗಿಸುವುದು ನನ್ನ ಉದ್ದೇಶವಲ್ಲ. ಇಂಗ್ಲೆಂಡಿನ ಆ ಮಹನೀಯರು ಹಿಂದೂಸ್ಥಾನದ ಕಸಬುದಾರನನ್ನು ಸ್ವತಂತ್ರನಾದ, ಸಂತೋಷಿಯಾದ ಕಲಾವಿದನೆಂದು ಕಲ್ಪಿಸಿಕೊಂಡರು. ಆಯದ ಪದ್ಧತಿಯಲ್ಲಿ ಬಡಿಗನೂ ಕಂಬಾರನೂ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದುದು ನಿಜ. ಅದರಲ್ಲಿ ಅನ್ನದ ಭರವಸೆಯಿತ್ತು. ಆದರೆ ಒಲ್ಲೆನೆನ್ನುವ ಅಧಿಕಾರವಿರಲಿಲ್ಲ. ಅಂಗಳದವರೆಗೆ ಬಂದವನು ಪಡಸಾಲೆ ಹತ್ತುವಂತಿರಲಿಲ್ಲ, ಪಡಸಾಲೆಯ ತೊಲೆಯನ್ನು ಏರಿಸಿದವನು ಅವನೇ ಆಗಿದ್ದರೂ. ವಾಡೆಯ ಹೊಸ್ತಿಲುಗಳ ಸೊಬಗನ್ನು ವರ್ಣಿಸುವಾಗ ಅವು ತಡೆದವರನ್ನೂ ಎಣಿಸಬೇಕು. ಕುಂದಗೋಳದ ವಾಡೆಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ಮಾತು ಸಲ್ಲುತ್ತದೆ. ಒಬ್ಬ ಮುಸಲ್ಮಾನ ಉಸ್ತಾದರು ಅತಿಥಿಯಾಗಿ ಅಲ್ಲಿ ಇಳಿದರು. ಅವರ ವಿದ್ಯೆಯನ್ನು ಕಾರಕೂನನ ಮಗನು ಪಡೆದನು. ಅವನಿಂದ ಗಂಗೂಬಾಯಿಯವರು ಪಡೆದರು. ದೊಡ್ಡ ಮನೆಯ ಪಡಸಾಲೆ ಹಾಡಿಗಾಗಿ ತನ್ನ ಹೊಸ್ತಿಲನ್ನು ಅಷ್ಟಾದರೂ ತಗ್ಗಿಸಿತು.

ಹಾಡಿಗೂ ಈ ಕಟ್ಟೋಣಕ್ಕೂ ಹೊಂದಿಕೆಯಿರುವುದು ಆಕಸ್ಮಿಕವಿರಬಹುದು, ಆದರೆ ಗಮನಿಸತಕ್ಕುದು. ನುಣುಪಾದ ಸಿಮೆಂಟಿನ ಗೋಡೆಗೆ ಬಡಿದ ಸ್ವರವು ಹಿಂದಿರುಗಿ ಬಂದು ಮುಂದಿನ ಸ್ವರದೊಡನೆ ಕಲಸಿಹೋಗುತ್ತದೆ. ಮಣ್ಣಿನ ಮೆತ್ತಗಣ ಗೋಡೆ ಅದನ್ನು ಬಹುಮಟ್ಟಿಗೆ ಹೀರಿಕೊಳ್ಳುತ್ತದೆ. ತಲೆಯ ಮೇಲಣ ಜಂತಿಯ ಸಾಲು ಉಳಿದುದನ್ನು ಚೆದರಿಸುತ್ತದೆ. ಹಾಸಿದ ಜಮಖಾನೆಯೂ ಒತ್ತಾಗಿ ಕುಳಿತ ಜನರೂ ಇನ್ನಷ್ಟನ್ನು ನುಂಗುತ್ತಾರೆ. ಕಿರಾನಾದ ಗಾಯನವೆಂದರೆ ಒಂದೊಂದೇ ಸ್ವರವನ್ನು ಹಿಡಿದು, ಅದರ ಸುತ್ತ ಸಾವಕಾಶವಾಗಿ ಬೆಳೆಯುವ ಆಲಾಪ. ತಂಬೂರಿಯ ಝೇಂಕಾರದೊಳಗೆ ಸ್ವರದ ಕೂದಲೆಳೆಯಷ್ಟು ವ್ಯತ್ಯಾಸವೂ ಕಿವಿಗೆ ಬೀಳಬೇಕು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಇಂತಹ ಅಂಕಣಗಳ ನಡುವೆ ಕುಳಿತು ಹಾಡಿದವರಿಗೂ ಕೇಳಿದವರಿಗೂ ಮನೆ ನೆರವಾಯಿತೆಂದು ಹೇಳಲು ಅಡ್ಡಿಯಿಲ್ಲ.

ಇಂತಹ ಮನೆಗಳು ಏಕೆ ಅಳಿಯುತ್ತಿವೆ? ಜನರಲ್ಲಿ ಅಭಿರುಚಿ ಕೆಟ್ಟಿತೆಂದು ಬಯ್ಯುವುದು ಸುಲಭ. ಕಾರಣಗಳು ಬೇರೆಯೇ ಇವೆ. ೧೮೫೨ರ ಇನಾಮ್ ಕಮಿಷನ್ನಿನ ವಿಚಾರಣೆಯಿಂದ ಮುಂಬಯಿ ಇಲಾಖೆಯ ವತನದಾರರ ಹಕ್ಕುಗಳು ಅಲುಗಾಡಿದವು. ಹುದ್ದೆ ಹೋಯಿತು, ಮನೆ ಉಳಿಯಿತು. ೧೮೭೮ರ ಅರಣ್ಯ ಕಾನೂನಿನಿಂದ ಪಶ್ಚಿಮದ ಸಾಗವಾನಿಯ ಕಾಡು ಸರಕಾರದ ಕಾಯ್ದಿಟ್ಟ ಸ್ವತ್ತಾಯಿತು. ಬಂಡಿ ಕಟ್ಟಿಕೊಂಡು ಹೋಗಿ ತೊಲೆ ತರುವ ಕಾಲ ಮುಗಿಯಿತು. ೧೮೮೦ರ ದಶಕದಲ್ಲಿ ರೈಲು ಬಂತು. ಅದರ ಬೆನ್ನಿಗೆ ಕಬ್ಬಿಣದ ತಗಡು, ಉಕ್ಕಿನ ತೊಲೆ, ಮಂಗಳೂರು ಹಂಚು ಬಂದವು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರಖಾನೆಯ ಆ ಕೆಂಪು ಹಂಚು, ವರ್ಷವರ್ಷವೂ ಮಣ್ಣು ಹೊರುವ ಕಷ್ಟದಿಂದ ಎಷ್ಟೋ ಮನೆಗಳನ್ನು ಬಿಡಿಸಿತೆಂಬುದನ್ನು ಮರೆಯಲಾಗದು. ಕೊನೆಯದಾಗಿ, ೧೯೭೪ರಲ್ಲಿ ತಿದ್ದುಪಡಿಯಾದ ಭೂಸುಧಾರಣೆಯ ಕಾನೂನಿನಿಂದ ಗೇಣಿಯ ಹೊಲಗಳು ಉಳುವವರ ಕೈಸೇರಿದವು. ಅದು ನ್ಯಾಯವಾದುದೇ. ಆದರೆ ಆ ಹೊಲಗಳ ಕಾಳಿನಿಂದಲೇ ಮೇಲ್ಮುದ್ದೆಯ ಕೂಲಿ ಸಲ್ಲುತ್ತಿತ್ತು. ಹೊಲವಿಲ್ಲದ ವಾಡೆ, ಬೇರಿಲ್ಲದ ಆಲದ ಮರ.

ಆಮೇಲೆ ಹಿಸ್ಸೆ. ಒಂದು ವಾಡೆಗೆ ಎಂಟು ಹತ್ತು ಪಾಲುದಾರರು. ಒಬ್ಬರು ಪುಣೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಕಡಲಾಚೆ. ಅಂಗಳದ ನಡುವೆ ಒಂದು ಗೋಡೆ ಏಳುತ್ತದೆ. ಯಾರ ಪಾಲಿನ ಮಾಳಿಗೆ ಯಾರು ಮೆತ್ತಬೇಕೆಂಬುದು ತೀರ್ಮಾನವಾಗುವುದರೊಳಗೆ ಎರಡು ಮಳೆಗಾಲ ಕಳೆದಿರುತ್ತದೆ. ಬಳಿಕ ಹಳೆಯ ಕಟ್ಟಿಗೆಯ ವ್ಯಾಪಾರಿ ಬರುತ್ತಾನೆ. ಕಂಬ, ಬೋದಿಗೆ, ಕೆತ್ತಿದ ಬಾಗಿಲು ಲಾರಿಯೇರಿ ಹೋಗಿ ಯಾವುದೋ ಪಟ್ಟಣದ ಹೋಟೆಲಿನ ಮುಂಭಾಗವನ್ನು ಅಲಂಕರಿಸುತ್ತವೆ. ಗೋಡೆಯ ಮಣ್ಣು ಒಂದೆರಡು ಮಳೆಗೆ ದಿಣ್ಣೆಯಾಗಿ, ಹೊಲಕ್ಕೆ ಗೊಬ್ಬರವಾಗುತ್ತದೆ. ನವಲಗುಂದದ ಮಗ್ಗಗಳದೂ ಕಲಘಟಗಿಯ ಅರಗಿನ ಕುಂಚದ್ದೂ ಹೆಚ್ಚು ಕಡಮೆ ಇದೇ ಕಥೆ. ಜಮಖಾನೆಗೆ ಭೌಗೋಳಿಕ ಸೂಚಕದ ಗೌರವ ದೊರೆತಿದೆ. ನೇಯುವವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ.

ಉಳಿಸುವ ಪ್ರಯತ್ನಗಳೂ ನಡೆದಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪವೆಂಬ ಹೆಸರಿನಲ್ಲಿ ನಾಡಿನ ನಾನಾ ಕಡೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಮುಧೋಳದ ಅರಮನೆಯ ಕಟ್ಟಿಗೆಯ ದರಬಾರು ಸಭಾಂಗಣವೂ ಅವುಗಳಲ್ಲಿ ಒಂದು. ಅಪಾರವಾದ ಶ್ರಮ, ಆ ಮಹನೀಯರಿಲ್ಲದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದವು. ಆದರೆ ಕಟ್ಟಿಗೆಯನ್ನು ಒಯ್ಯಬಹುದಲ್ಲದೆ ಎರೆಯ ನೆಲವನ್ನೂ ನೆರೆಹೊರೆಯನ್ನೂ ಒಯ್ಯಲಾಗದು. ಶಿರಸಂಗಿ–ನವಲಗುಂದ ಸಂಸ್ಥಾನದ ಲಿಂಗರಾಜ ದೇಸಾಯರು (೧೮೬೧–೧೯೦೬) ಇನ್ನೊಂದು ದಾರಿಯನ್ನು ತೋರಿಸಿದ್ದರು. ತಮ್ಮ ಆಸ್ತಿಯನ್ನು ಹಂಚಿಹೋಗಗೊಡದೆ ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ಸರಕಾರದ ಪ್ರಾಚೀನ ಸ್ಮಾರಕಗಳ ಕಾನೂನು ತಾನು ಹೆಸರಿಸಿ ಘೋಷಿಸಿದ ಕಟ್ಟಡಗಳನ್ನು ಕಾಯುತ್ತದೆ. ಖಾಸಗಿ ವಾಡೆಗಳಲ್ಲಿ ಹೆಚ್ಚಿನವು ಅದರ ಕಣ್ಣಿಗೆ ಬಿದ್ದಿಲ್ಲ. ಅಂಕ ಅಳೆಯುವ ಪಟ್ಟಿ, ಕಾಗದ, ಲೇಖನಿಗಳಿದ್ದರೆ ಒಂದು ಶಾಲೆಯ ಮಕ್ಕಳೂ ತಮ್ಮೂರ ವಾಡೆಯ ಅಂಕಣಗಳ ನಕ್ಷೆಯನ್ನು ಒಂದು ವಾರದಲ್ಲಿ ಬರೆದಿಡಬಲ್ಲರು. ಬೋದಿಗೆ, ಜಂತಿ, ಬೆಳಕಿಂಡಿಗಳ ಹೆಸರನ್ನು ಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ.

ಕುಂದಗೋಳದ ವಾಡೆ ಇದ್ದೆಡೆಯಲ್ಲಿಯೇ ನಿಂತುಕೊಂಡಿರುವುದಕ್ಕೆ ಅಲ್ಲಿ ಸೇರುವ ಸಂಗೀತದ ಜನವೂ ಒಂದು ಕಾರಣ. ಇರುಳಿಡೀ ಹಾಡು ನಡೆದು ಬೆಳಗಿನ ಭೈರವಿಗೆ ಮುಗಿದಾಗ ಕೇಳಲು ಬಂದವರು ಎದ್ದು ಮೈಮುರಿದು, ಕೆಲವರು ಆಗ ಮೊದಲ ಬಾರಿಗೆ ತಲೆಯೆತ್ತಿ ನೋಡುತ್ತಾರೆ. ಮೇಲೆ ತೊಲೆ, ತೊಲೆಯ ಕೆಳಗೆ ಬೋದಿಗೆ. ಅದರ ಕೆಳಗೆ, ಇರುಳೆಲ್ಲ ತಾವು ಒರಗಿ ಕುಳಿತಿದ್ದ ಕಂಬ.